ಗೆರೆಗಳಿದ್ದವು, ಡಿಗ್ರಿ ಇರಲಿಲ್ಲ

ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಮೇಷ್ಟರು ನಾನು. ಸ್ವಂತದ ಗಣಿತಕ್ಕೆ ಸಿಗುವುದು ಆ ಪ್ರಯಾಣದ ಹೊತ್ತು ಮಾತ್ರ. ಜರ್ಮನ್ ಗಣಿತಜ್ಞ ಹುಪ್ಪರ್ಟ್ ಅವರ ಪ್ರಶ್ನೆಯನ್ನು ನಾನು ಕೆದಕಿದ್ದೆಲ್ಲ ಹಳೆಯ ಲಗ್ನಪತ್ರಿಕೆಗಳ ಬೆನ್ನ ಮೇಲೆಯೇ.

ಪ್ರಶ್ನೆ ಇಷ್ಟು. ಗ್ರೂಪ್ ಎಂದರೆ ಒಂದರ ನಂತರ ಒಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಕ್ರಿಯೆಗಳ ಗುಂಪು; ಸಾಲ್ವಬಲ್ ಎಂದರೆ, ಕ್ರಮ ಬದಲಿಸಿದರೂ ಫಲ ಬದಲಾಗದ ಗ್ರೂಪುಗಳಿಂದ ಹಂತ ಹಂತವಾಗಿ ಕಟ್ಟಿದ್ದು. ಒಂದು ಪರಿಮಿತ ಸಾಲ್ವಬಲ್ ಗ್ರೂಪಿನ ಇರೆಡ್ಯೂಸಿಬಲ್ ಕ್ಯಾರೆಕ್ಟರ್‌ಗಳ ಡಿಗ್ರಿಗಳನ್ನು ಬರೆದುಕೊಳ್ಳಿ. (ಕ್ಯಾರೆಕ್ಟರ್ ಎಂದರೆ ಗ್ರೂಪನ್ನು ಮ್ಯಾಟ್ರಿಕ್ಸುಗಳಾಗಿ ಬರೆಯುವ ಒಂದೊಂದು ಬಗೆಯ ಗುರುತು, ಇರೆಡ್ಯೂಸಿಬಲ್ ಎಂದರೆ ಇನ್ನೂ ಚಿಕ್ಕದಾಗಿ ಒಡೆಯಲಾಗದ್ದು; ಆ ಮ್ಯಾಟ್ರಿಕ್ಸಿನ ಅಳತೆಯೇ ಡಿಗ್ರಿ, ಒಂದು ಪೂರ್ಣಸಂಖ್ಯೆ.) ಅವುಗಳನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆಗಳೇ ಚುಕ್ಕಿಗಳು. ಎರಡು ಅವಿಭಾಜ್ಯಗಳು ಒಂದೇ ಡಿಗ್ರಿಯನ್ನು ಭಾಗಿಸಿದರೆ ಅವುಗಳ ನಡುವೆ ಗೆರೆ. ಈ ಚುಕ್ಕಿಗಳಲ್ಲಿ ಅರ್ಧದಷ್ಟಾದರೂ ಯಾವುದೋ ಒಂದು ಡಿಗ್ರಿಯಲ್ಲಿ ಒಟ್ಟಿಗೆ ಸಿಗಲೇಬೇಕೇ? ಹೌದು ಎಂಬುದು ಹುಪ್ಪರ್ಟ್ ಅವರ ಊಹೆ.

ನಾನು ಆರಂಭಿಸಿದ್ದು ಕೈಯಲ್ಲಿ ಹಿಡಿಯಬಹುದಾದ ಗ್ರೂಪಿನಿಂದ. ಎಂಟು ಅಂಶಗಳ ಫೀಲ್ಡಿನಲ್ಲಿ (ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಚಿಕ್ಕ ಸಂಖ್ಯಾಲೋಕ) ಕೂಡುವುದು, ಸೊನ್ನೆಯಲ್ಲದ್ದರಿಂದ ಗುಣಿಸುವುದು, ವರ್ಗ ಮಾಡುವುದು ಇವೆಲ್ಲ ಸೇರಿ 8×7×3, ಅಂದರೆ 168 ಅಂಶಗಳು. ಡಿಗ್ರಿಗಳು 1, 1, 1, 3, 3, 7, 7, 7. ಇವುಗಳ ವರ್ಗಗಳ ಮೊತ್ತ ಗ್ರೂಪಿನ ಅಂಶಗಳಷ್ಟೇ ಬರಬೇಕು: 3+18+147, ಸರಿಯಾಗಿ 168. ಪಾಂಡವಪುರ ಬರುವಷ್ಟರಲ್ಲಿ ಇದು ತಾಳೆಯಾದಾಗ ಆದ ಖುಷಿ ಈಗಲೂ ನೆನಪಿದೆ. 3 ಮತ್ತು 7ರ ನಡುವೆ ಗೆರೆಯಿಲ್ಲ. 32 ಅಂಶಗಳ ಫೀಲ್ಡಿನಲ್ಲೂ ಹೀಗೆಯೇ ಮಾಡಿದರೆ 5 ಮತ್ತು 31 ದೂರ ದೂರ. ಎರಡೂ ಗ್ರೂಪುಗಳ ನೇರ ಗುಣಲಬ್ಧ (ಎರಡನ್ನೂ ಅಕ್ಕಪಕ್ಕ ಇಟ್ಟು ಮಾಡಿದ ಗ್ರೂಪ್; ಒಂದರ ಡಿಗ್ರಿ ಇನ್ನೊಂದರದ್ದನ್ನು ಗುಣಿಸುತ್ತದೆ) ತೆಗೆದುಕೊಂಡರೆ ಗ್ರಾಫ್, ಅಂದರೆ ಚುಕ್ಕಿ-ಗೆರೆಗಳ ಚಿತ್ರ, ಒಂದು ಚೌಕ: ನಾಲ್ಕು ಚುಕ್ಕಿ, ಯಾವ ಡಿಗ್ರಿಯಲ್ಲೂ ಎರಡಕ್ಕಿಂತ ಹೆಚ್ಚಿಲ್ಲ. ಊಹೆ ಕೂದಲೆಳೆಯಲ್ಲಿ ಉಳಿಯಿತು.

ಆಮೇಲೆ ಓದಿದ್ದು. ಯಾವ ಮೂರು ಚುಕ್ಕಿ ಆರಿಸಿದರೂ ಎರಡರ ನಡುವೆ ಗೆರೆ ಇದ್ದೇ ಇರುತ್ತದೆ ಎಂದು 1998ರಲ್ಲಿ ಪಾಲ್ಫಿ ತೋರಿಸಿದ್ದರು. 2018ರಲ್ಲಿ ಅಖ್ಲಾಘಿ, ಕಸೋಲೋ, ಡೋಲ್ಫಿ ಮೊದಲಾದವರು ಇನ್ನೂ ಮುಂದೆ ಹೋದರು: ಚುಕ್ಕಿಗಳನ್ನು ಎರಡು ಪಾಲು ಮಾಡಬಹುದು, ಒಂದೊಂದು ಪಾಲಿನೊಳಗೂ ಎಲ್ಲಕ್ಕೆ ಎಲ್ಲವೂ ಜೋಡಣೆ. ದೊಡ್ಡ ಪಾಲು ಅರ್ಧಕ್ಕೆ ಕಡಿಮೆ ಇರಲಾರದು. ಮುಗಿಯಿತಲ್ಲ! ಅಂದು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಕಾವೇರಿಗೆ ಕೈ ಮುಗಿದೆ.

ಮರುದಿನ ಎದುರು ಸೀಟಿನ ಸಹೋದ್ಯೋಗಿ ಪತ್ರಿಕೆಯ ಮೂಲೆಯಲ್ಲಿ 6, 10, 15 ಎಂದು ಬರೆದು, "ಇದಕ್ಕೇನು ಹೇಳುತ್ತೀರಿ, ಸಾರ್?" ಎಂದರು. 2, 3, 5 ಪರಸ್ಪರ ಜೋಡಿಯಾಗಿವೆ, ಆದರೆ ಮೂರನ್ನೂ ಹೊತ್ತ ಸಂಖ್ಯೆ ಅಲ್ಲಿಲ್ಲ. ಇದೇ ಡಿಗ್ರಿಗಳಿರುವ ಗ್ರೂಪ್ ಇದೆಯೋ ಇಲ್ಲವೋ, ನನ್ನ ವಾದವಂತೂ ಅಲ್ಲಿಗೆ ಬಿತ್ತು.

ಈಗ ಪ್ರತಿ ಗೆರೆಯ ಮೇಲೂ ಅದು ಯಾವ ಡಿಗ್ರಿಯಿಂದ ಬಂದದ್ದೆಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಲಗ್ನಪತ್ರಿಕೆ ಬೇಗ ತುಂಬಿಹೋಗುತ್ತದೆ.