ಆಪ್ಷನ್ ಎಂಟ್ರಿಗೆ ಮುನ್ನ ನಾವು ಕಾಲೇಜುಗಳ ಪಟ್ಟಿ ಕಿರಿದಾಗಿಸಿದ ಬಗೆ

ರ್‍ಯಾಂಕ್ ಬಂದ ಮೇಲೆ ಕಾಲೇಜು ಹುಡುಕಲು ಕುಳಿತರೆ ತಡವಾಯಿತೆಂದೇ ನನ್ನ ಲೆಕ್ಕ. ಮಗಳು ಎಂಜಿನಿಯರಿಂಗ್ ಸೀಟಿಗಾಗಿ ಸಿಇಟಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಾಗಲೇ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ನಮೂದಿಸುವುದಕ್ಕೆ, ನಾವು ಪಟ್ಟಿ ಹಿಡಿದು ಕುಳಿತೆವು. ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಎಂಜಿನಿಯರಿಂಗ್ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಕಾಲಂ ಎಳೆದು ಅಂಕಿ ಹೊಂದಿಸುವುದು ಮಾತ್ರ ಚೆನ್ನಾಗಿ ಗೊತ್ತು.

ಹೆಸರುಗಳಿಗೇನೂ ಬರವಿರಲಿಲ್ಲ. ಊರಿನಲ್ಲೇ 1951ರ ಯುಬಿಡಿಟಿ ಇದೆ, 1979ರ ಬಿಐಇಟಿ ಇದೆ. ಪಕ್ಕದ ಚಿತ್ರದುರ್ಗದಲ್ಲಿ ಎಸ್‌ಜೆಎಂ, ಶಿವಮೊಗ್ಗದಲ್ಲಿ ಜೆಎನ್‌ಎನ್, ತುಮಕೂರಿನಲ್ಲಿ ಸಿದ್ಧಗಂಗಾ. ಬೆಂಗಳೂರಿನದಂತೂ ಕೇಳುವುದೇ ಬೇಡ, ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಒಂದೊಂದು ಹೆಸರು ಹೇಳಿ ಹೋದರು. ಎಲ್ಲವನ್ನೂ ಬರೆದುಕೊಂಡೆವು. ಆಮೇಲೆ ಮಗಳು ಪೆನ್ನು ಕಸಿದುಕೊಂಡು, “ಅಪ್ಪ, ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್. ಇವೆರಡೂ ಸಿಗದ ಕಡೆ ನನ್ನನ್ನು ಕಳಿಸಬೇಡಿ” ಎಂದಳು. ಅರ್ಧ ಪಟ್ಟಿ ಅಲ್ಲಿಗೇ ಹಗುರವಾಯಿತು. ನನ್ನ ಹೆಂಡತಿಯದು ಒಂದೇ ಷರತ್ತು: ಹೊರಗೂರಾದರೆ ಹಾಸ್ಟೆಲ್ ಕಾಲೇಜಿನ ಆವರಣದಲ್ಲೇ ಇರಬೇಕು. ಪಿಜಿ ಬಾಡಿಗೆಯ ಲೆಕ್ಕ ಹಾಕಿದ ಮೇಲೆ ನಾನೂ ಅದಕ್ಕೆ ಸಹಿ ಹಾಕಿದೆ.

ಹೆಚ್ಚು ಸಮಯ ಹಿಡಿದದ್ದು ಒಂದು ಕಾಲೇಜಿನ ಬ್ರಾಂಚಿನಲ್ಲಿ ಸೀಟು ಸಿಕ್ಕ ಕೊನೆಯ ರ್‍ಯಾಂಕ್, ಅಂದರೆ ಕಟ್‌ಆಫ್ ಓದುವುದು. ರ್‍ಯಾಂಕ್‌ಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, 180 ಅಂಕಗಳ ಸಿಇಟಿಯಿಂದ ಅರ್ಧ ಸೇರುತ್ತದೆ. ಆದ್ದರಿಂದ ಪಿಯುಸಿ ಅಂಕ ಬಂದ ಕೂಡಲೇ ಒಂದು ಅಂದಾಜು ಕಟ್ಟಬಹುದು. ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತವೆ. ಅಲ್ಲಿ ಸಾಮಾನ್ಯ ವರ್ಗದ ಕಾಲಂ ಒಂದನ್ನೇ ನೋಡಿ ಎದೆ ಒಡೆದುಕೊಳ್ಳುವವರನ್ನು ಕಂಡಿದ್ದೇನೆ. ನಿಮ್ಮ ಮೀಸಲಾತಿಯ ಕಾಲಂ ಯಾವುದು, ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣದ ಕಾಲಂ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಕಾಲಂ, ಇವನ್ನು ಮೊದಲು ಗುರುತಿಸಿಕೊಳ್ಳಬೇಕು. ಒಂದು ಕಾಲಕ್ಕೆ ನಮ್ಮ ಜಿಲ್ಲೆಯಲ್ಲೇ ಇದ್ದ ಹರಪನಹಳ್ಳಿಯವರಿಗೆ ಕಲ್ಯಾಣ ಕರ್ನಾಟಕಕ್ಕೆ ಸೀಟು ಮೀಸಲಿಡುವ ಸಂವಿಧಾನದ 371(ಜೆ) ವಿಧಿ ಅನ್ವಯಿಸುತ್ತದೆ, ನಮಗಿಲ್ಲ. ಅಲ್ಲಿನ ನೆಂಟರ ಅಂಕಿ ನಮ್ಮ ಮನೆಗೆ ಹೊಂದುವುದಿಲ್ಲ. ಸೀಟು ಹಂಚಿಕೆ ಹಲವು ಸುತ್ತುಗಳಲ್ಲಿ ನಡೆಯುತ್ತದೆ; ಮೊದಲ ಸುತ್ತಿನ ಸಂಖ್ಯೆಗಿಂತ ಕೊನೆಯ ಸುತ್ತಿನದೇ ಸತ್ಯಕ್ಕೆ ಹತ್ತಿರ, ಅದೂ ಮೂರು ವರ್ಷದ್ದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ. ಹೊಸದಾಗಿ ತೆರೆದ ಬ್ರಾಂಚಿಗೆ ಹಳೆಯ ಅಂಕಿಯೇ ಇರುವುದಿಲ್ಲ. ಅಂಥವನ್ನು ನಾವು ಬೇರೆ ಹಾಳೆಗೆ ಹಾಕಿದೆವು.

ಉಳಿದ ಕಾಲೇಜುಗಳಿಗೆ, ಹತ್ತಿರದವಕ್ಕೆ ಖುದ್ದಾಗಿ, ದೂರದವಕ್ಕೆ ಫೋನಿನಲ್ಲಿ, ಒಂದೇ ಬಗೆಯ ಪ್ರಶ್ನೆ ಕೇಳಿದೆವು. ನ್ಯಾಕ್, ಎನ್‌ಬಿಎ ಎರಡೂ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಮಂಡಳಿಗಳು. ನ್ಯಾಕ್ ಮಾನ್ಯತೆ ಇಡೀ ಕಾಲೇಜಿಗೆ. ಎನ್‌ಬಿಎ ಮಾನ್ಯತೆ ಕೊಡುವುದು ಒಂದೊಂದು ಕೋರ್ಸಿಗೆ. ಹಾಗಾಗಿ “ನಮ್ಮದು ಎನ್‌ಬಿಎ ಕಾಲೇಜು” ಎಂದವರನ್ನು “ಯಾವ ಬ್ರಾಂಚಿಗೆ?” ಎಂದು ಕೇಳಿದೆ. ಗೇಟಿನ ಫ್ಲೆಕ್ಸ್‌ನಲ್ಲಿ ಯಾರೋ ಒಬ್ಬರ ದೊಡ್ಡ ಸಂಬಳ ಹಾಕಿರುತ್ತಾರೆ. ಈ ಬ್ರಾಂಚಿನಿಂದ ಎಷ್ಟು ಜನ ಸಂದರ್ಶನಕ್ಕೆ ಕುಳಿತರು, ನಡುಮಟ್ಟದವರಿಗೆ ಎಷ್ಟು ಸಂಬಳ ಸಿಕ್ಕಿತು ಎಂದು ಕೇಳಿದರೆ ಒಂದೆಡೆ ಕಚೇರಿಯವರು ಕೈಗೆ ಕರಪತ್ರ ಕೊಟ್ಟು ಸುಮ್ಮನಾದರು. ಆ ಹೆಸರು ಹೊಡೆದುಹಾಕಿದೆ. ಕ್ಯಾಂಟೀನಿನಲ್ಲಿ ಕುಳಿತಿದ್ದ ಮೂರನೇ ವರ್ಷದ ಮಕ್ಕಳು ಕಚೇರಿಗಿಂತ ಪ್ರಾಮಾಣಿಕರು. ಲ್ಯಾಬ್ ಸಂಜೆ ತೆರೆದಿರುತ್ತದೆಯೇ, ಮೇಷ್ಟ್ರು ವರ್ಷದ ಮಧ್ಯೆ ಬಿಟ್ಟುಹೋಗುತ್ತಾರೆಯೇ ಎಂಬುದನ್ನೆಲ್ಲ ಅವರೇ ಹೇಳಿದರು.

ಕೊನೆಗೆ ಕ್ರಮ, ಅಂದರೆ ಯಾವ ಕಾಲೇಜನ್ನು ಮೇಲೆ, ಯಾವುದನ್ನು ಕೆಳಗೆ ಬರೆಯಬೇಕು ಎಂಬುದು. ಇಲ್ಲಿ ನನ್ನ ಭಾವನಿಗೂ ನನಗೂ ಜಗಳವೇ ಆಯಿತು. “ಸಿಗುವುದನ್ನು ಮೇಲೆ ಹಾಕು, ಇಲ್ಲದಿದ್ದರೆ ಅದೂ ಕೈತಪ್ಪುತ್ತದೆ” ಎಂಬುದು ಅವರ ವಾದ. ಹಂಚಿಕೆ ನಡೆಯುವ ರೀತಿಯೇ ಬೇರೆ. ಮಗುವಿನ ರ್‍ಯಾಂಕ್ ಸರದಿ ಬಂದಾಗ ಗಣಕಯಂತ್ರ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ; ಸೀಟು ಉಳಿದಿರುವ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಆಸೆಯ ಕಾಲೇಜು ಮೇಲಿದ್ದ ಮಾತ್ರಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಆದ್ದರಿಂದ ಸಿಗುವ ಸಾಧ್ಯತೆಯನ್ನು ಬದಿಗಿಟ್ಟು ಇಷ್ಟದ ಕ್ರಮದಲ್ಲೇ ಬರೆದೆವು: ತುಮಕೂರು ಊರಿಗಿಂತ ಮೇಲೆ, ಊರು ಶಿವಮೊಗ್ಗಕ್ಕಿಂತ ಮೇಲೆ. ಕಟ್‌ಆಫ್‌ನಿಂದ ಆದ ಉಪಯೋಗ ಬೇರೆ, ಪಟ್ಟಿಯನ್ನು ಎಷ್ಟು ಕೆಳಗಿನವರೆಗೆ ಎಳೆಯಬೇಕೆಂಬುದನ್ನು ಅದು ತೋರಿಸಿತು. ಕೊಟ್ಟರೂ ಸೇರಲಾರೆ ಎನ್ನಿಸಿದ್ದನ್ನು ಒಂದನ್ನೂ ಸೇರಿಸಲಿಲ್ಲ.

ನಿಜವಾದ ಹಂಚಿಕೆಗೆ ಮುನ್ನ ಪ್ರಯೋಗಕ್ಕೆಂದು ನಡೆಸುವ ಅಣಕು ಹಂಚಿಕೆಯಲ್ಲಿ ಊರಿನ ಸೀಟು ತೋರಿಸಿತು. ಮೊದಲ ಸುತ್ತಿನಲ್ಲೂ ಅದೇ. ನಾವು ಎರಡನೇ ಚಾಯ್ಸ್ ಕೊಟ್ಟೆವು, ಅಂದರೆ ಈ ಸೀಟು ಇರಲಿ, ಮೇಲಿನದಕ್ಕೂ ಪ್ರಯತ್ನಿಸುತ್ತೇವೆ ಎಂದು. ಇದರಲ್ಲೊಂದು ಕೊಕ್ಕೆ ಇದೆ: ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕಿದರೆ ಹಿಂದಿನ ಸೀಟು ತಾನಾಗಿ ರದ್ದಾಗುತ್ತದೆ, ಮರಳಿ ಕೇಳುವಂತಿಲ್ಲ. ಆದ್ದರಿಂದ ಅಷ್ಟರೊಳಗೆ ತನಗೆ ಬೇಡವೆನಿಸಿದ ಎರಡು ಬೆಂಗಳೂರು ಕಾಲೇಜುಗಳನ್ನು ಮಗಳು ಪಟ್ಟಿಯಿಂದ ಅಳಿಸಿದಳು. ಅಪ್ಪನ ಮುಖ ನೋಡಿ ಅಳಿಸಿದಳೋ ಎಂಬ ಅನುಮಾನ ನನಗಿತ್ತು. ಕೇಳಿದಾಗ ಅಲ್ಲಿ ಎಲೆಕ್ಟ್ರಾನಿಕ್ಸ್ ಮಾತ್ರ ಸಿಗುವಂತಿತ್ತು, ಈಗ ತನಗೆ ಕಂಪ್ಯೂಟರೇ ಬೇಕು ಎಂದಳು. ಎರಡನೇ ಸುತ್ತಿನಲ್ಲಿ ಮೇಲಿನದೇನೂ ಬರಲಿಲ್ಲ. ಬೈಕಿನಲ್ಲಿ ಕರೆದುಕೊಂಡು ಹೋಗಿ ಊರಿನ ಕಾಲೇಜಿಗೇ ಸೇರಿಸಿ ಬಂದೆ.