ಐಸ್ ಪ್ಲಾಂಟಿನ ಅಮೋನಿಯ ಹಿಡಿದ ನನ್ನ ಪೆಟ್ಟಿಗೆ

ಕಾರವಾರದ ಬೈತಖೋಲ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ, ಐಸ್ ಮಾಡಲು ಬಳಸುವ ಅಮೋನಿಯ ಅನಿಲ ಸೋರಿದರೆ ಕೂಗಿ ಎಚ್ಚರಿಸಲೆಂದು ನಾನು ಮಾಡಿಕೊಟ್ಟ ಕೈಪೆಟ್ಟಿಗೆ ಸುಮಾರು ಒಂದು ವರ್ಷದಿಂದ ಸುಳ್ಳು ಕೂಗದೆ ಕೆಲಸ ಮಾಡುತ್ತಿದೆ. ಮೊದಲ ಸಲ ಅದನ್ನು ಒಯ್ದಾಗ ಅಲ್ಲಿನ ಹಿರಿಯ ಮೆಕ್ಯಾನಿಕರು, "ಇಪ್ಪತ್ತೈದು ವರ್ಷ ಪಳಗಿದ ಮೂಗು ಇದು ತಮಾ, ನಿನ್ನ ಪೆಟ್ಟಿಗೆ ಯಾಕೆ?" ಎಂದು ನಕ್ಕಿದ್ದರು. ಹೊಸಬರ ಮೂಗಿಗೆ ಐದು ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಐದು ಪಾಲು) ಆಸುಪಾಸಿನಲ್ಲೇ ಅಮೋನಿಯ ತಿಳಿಯುತ್ತದೆ, ನಿಜ. ಆದರೆ ದಿನವೂ ಅದರಲ್ಲೇ ಉಸಿರಾಡುವವರ ಮೂಗು ಸೋತಿರುತ್ತದೆ. ಎಂಟು ಗಂಟೆಯ ದುಡಿಮೆಗೆ ಹಾಕಿರುವ 25 ಪಿಪಿಎಂ ಮಿತಿ ದಾಟಿದರೂ ಅವರಿಗೆ ಗೊತ್ತಾಗದಿರಬಹುದು.

ಎಲ್ಲರಂತೆ ನಾನೂ ಎಂಕ್ಯೂ-135 ಎಂಬ, ಹಲವು ಅನಿಲಗಳನ್ನು ಹಿಡಿಯುವ ಅಗ್ಗದ ಸೆನ್ಸರಿನಿಂದ ಆರಂಭಿಸಿದೆ. ನೂರೈವತ್ತು ರೂಪಾಯಿಯ ಆ ಸೆನ್ಸರ್ ಬೀಡಿಯ ಹೊಗೆಗೂ ಕೂಗಿತು, ಹಳಸಿದ ಮೀನು ಬಿಡುವ ಅಮೈನು ಎಂಬ ನಾತದ ಆವಿಗೂ ಕೂಗಿತು. ಮೀನಿನ ಬಂದರಿನಲ್ಲಿ ಅಂಥ ಯಂತ್ರವನ್ನು ಎರಡು ದಿನಕ್ಕಿಂತ ಹೆಚ್ಚು ಯಾರೂ ಸಹಿಸುವುದಿಲ್ಲ. ಆಮೇಲೆ ಎರಡು ಸಾವಿರಕ್ಕಿಂತ ತುಸು ಹೆಚ್ಚು ಕೊಟ್ಟು ಅಮೋನಿಯಕ್ಕೆಂದೇ ಮಾಡಿದ ಎಂಕ್ಯೂ-137 ತರಿಸಿದೆ. ಉಪ್ಪುಗಾಳಿ ಒಳಹೋಗಬಾರದೆಂದು ಪೆಟ್ಟಿಗೆಯ ಅಂಚಿಗೆ ಸಿಲಿಕೋನ್ ಸೀಲೆಂಟ್ ಬಳಿದದ್ದು ನನ್ನ ಅತಿಬುದ್ಧಿ. ಸಿಲಿಕೋನಿನ ಆವಿ ಈ ಜಾತಿಯ ಸೆನ್ಸರಿಗೆ ವಿಷವೆಂದು ಮಾಹಿತಿಪತ್ರದಲ್ಲೇ ಬರೆದಿದ್ದರೂ ನಾನು ಓದಿರಲಿಲ್ಲ. ಒಂದು ಸತ್ತಿತು, ಕಾರಣ ತಿಳಿಯದೆ ಅದೇ ಪೆಟ್ಟಿಗೆಗೆ ಇನ್ನೊಂದನ್ನು ಹಾಕಿ ಅದನ್ನೂ ಕೊಂದೆ.

ಮೂರನೆಯದನ್ನು ಜೂನ್–ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧದ ಬಿಡುವಿನಲ್ಲಿ, ಅಳೆದ ಅಮೋನಿಯ ಕೊಟ್ಟು ಅದು ತೋರುವ ಅಂಕಿ ನೋಡಿ ಹೊಂದಿಸಿದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನಿನಲ್ಲಿ 25 ಪಿಪಿಎಂ ಆಗಲು ಅರ್ಧ ಮಿಲಿಲೀಟರ್ ಅನಿಲ ಸಾಕು ಎಂಬ ಲೆಕ್ಕ ಸರಿಯಿತ್ತು, ಆದರೆ ಅಮೋನಿಯ ಕ್ಯಾನಿನ ಗೋಡೆಗೂ ಅಲ್ಲಿನ ಪಸೆಗೂ ಅಂಟಿಕೊಂಡು ಪ್ರತಿ ಸಲ ಬೇರೆ ಅಂಕಿ ಬರುತ್ತಿತ್ತು. ಒಣಗಿಸಿದ ಗಾಜಿನ ಭರಣಿಗೆ ಬದಲಾಯಿಸಿದ ಮೇಲೆ ಅಂಕಿ ನಿಂತಿತು. ನಿಜವಾದ ಪೆಟ್ಟು ಬಿದ್ದದ್ದು ಜನವರಿಯಲ್ಲಿ: ಘಟ್ಟದ ಕಡೆಯ ಒಣಗಾಳಿ ಶುರುವಾದಾಗ, ಮಳೆಗಾಲದ ತೇವದಲ್ಲಿ ಹೊಂದಿಸಿದ್ದ ಪೆಟ್ಟಿಗೆ ಕಂಪ್ರೆಸರಿನ ಎಣ್ಣೆ ಬಸಿಯುವಾಗ ಅದರ ಜೊತೆ ಅಮೋನಿಯ ಹೊರಬರುವ ಹೊತ್ತಿನಲ್ಲೂ ಸುಮ್ಮನಿತ್ತು. ಸುಳ್ಳು ಕೂಗಿದ್ದಕ್ಕೆ ನಕ್ಕಿದ್ದವರು ಈಗ ಸುಮ್ಮನಿದ್ದುದಕ್ಕೆ ಬೈದರು, ಬೈದದ್ದು ನ್ಯಾಯವೇ.

ನಡುವೆ ಅಮೋನಿಯ ತಾಗಿದರೆ ಬಣ್ಣ ಬದಲಿಸುವ ಅರಿಶಿನದ ಕಾಗದ, ಮುರುಗಲ ಸಿಪ್ಪೆಯ ರಸದಲ್ಲಿ ಅದ್ದಿದ ಕಾಗದ ಎರಡನ್ನೂ ನೋಡಿದೆ. ಅರಿಶಿನ ಒದ್ದೆಯಿದ್ದಾಗ ಮಾತ್ರ ಕೆಂಪಾಯಿತು. ಮುರುಗಲಿನದು ಬಣ್ಣ ಚೆನ್ನಾಗಿಯೇ ಬದಲಿಸಿತು, ಆದರೆ ನಾಲ್ಕೇ ದಿನಕ್ಕೆ ಬೂಸ್ಟು ಹಿಡಿಯಿತು.

ಕೊನೆಗೆ ಏಳೆಂಟು ಸಾವಿರದ ಎಲೆಕ್ಟ್ರೋಕೆಮಿಕಲ್ ಸೆಲ್ (ಅನಿಲ ತಾಗಿದಾಗ ರಾಸಾಯನಿಕ ಕ್ರಿಯೆಯಿಂದ ಸಣ್ಣ ವಿದ್ಯುತ್ ಹೊಮ್ಮಿಸುವ ಸೆನ್ಸರ್) ಒಂದನ್ನು ಎಂಕ್ಯೂ-137ರ ಜೊತೆಗಿಟ್ಟೆ, ಪಕ್ಕದಲ್ಲಿ ತೇವ ಅಳೆಯುವ ಸೆನ್ಸರ್ ಕೂರಿಸಿದೆ. ಎಂಕ್ಯೂ ತೋರುವ ಅಂಕಿಯನ್ನು ನಾನು ಈಗ ನಂಬುವುದಿಲ್ಲ. ಅದು ಏರುವ ವೇಗವನ್ನಷ್ಟೇ ನೋಡುತ್ತೇನೆ, ಮತ್ತು ಸೆಲ್ಲೂ ಒಪ್ಪಿದರೆ ಮಾತ್ರ ಪೆಟ್ಟಿಗೆ ಕೂಗುತ್ತದೆ. ಎಷ್ಟು ಸೆಕೆಂಡಿನ ಏರಿಕೆ, ಗಾಳಿಬಾಯಿಗೆ ಯಾವ ಪೊರೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಎರಡು ಮಳೆಗಾಲ ಹಿಡಿದಿದೆ.

ಒಂದು ಬೆಳಿಗ್ಗೆ ವಾಲ್ವಿನ ಗ್ಲ್ಯಾಂಡಿನ (ವಾಲ್ವಿನ ಕಡ್ಡಿಯ ಸುತ್ತ ಸೋರದಂತೆ ಬಿಗಿಯುವ ಭಾಗ) ಬಳಿ ಪೆಟ್ಟಿಗೆ ಸುಮಾರು ಮೂವತ್ತು ಪಿಪಿಎಂ ತೋರಿಸಿ ಕೂಗಿತು. ಮೆಕ್ಯಾನಿಕರು ನಂಬದೆ, ಅಮೋನಿಯ ಇದ್ದಲ್ಲಿ ಬಿಳಿ ಹೊಗೆ ಏಳಿಸುವ ಗಂಧಕದ ಬತ್ತಿ ಹಚ್ಚಿ ಹಿಡಿದರು. ಗ್ಲ್ಯಾಂಡಿನ ಸುತ್ತ ದಟ್ಟವಾದ ಬಿಳಿ ಹೊಗೆ ಎದ್ದಿತು. ಅವರು ಏನೂ ಹೇಳದೆ ಪಾನಾ ತರಲು ಹೋದರು, ಅಷ್ಟೇ ಸಾಕಾಯಿತು ನನಗೆ.

ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಹತ್ತಿರ. ಈಗ ಮಾಡಿದರೆ ಹದಿಮೂರರಲ್ಲಿ ಮುಗಿಸಬಲ್ಲೆ. ಸೆಲ್ಲಿನ ಆಯಸ್ಸು ಎರಡು ವರ್ಷದಷ್ಟೇ, ಅಮೋನಿಯ ಸದಾ ಇರುವಲ್ಲಿ ಇನ್ನೂ ಕಡಿಮೆ. ಈಗಾಗಲೇ ಅದು ಮೊದಲಿನಷ್ಟು ಚುರುಕಾಗಿ ಏರುತ್ತಿಲ್ಲ. ಮುಂದಿನ ನಿಷೇಧದ ಬಿಡುವಿನಲ್ಲಿ ಬದಲಿಸಬೇಕು, ಅದರ ಹಣ ಯಾರು ಹಾಕಬೇಕೆಂಬ ಮಾತು ಮಾಲೀಕರ ಜೊತೆ ಇನ್ನೂ ನಡೆಯುತ್ತಿದೆ.