737ರಿಂದ ಎ320ಗೆ: ಸಿಮ್ಯುಲೇಟರ್ ಹತ್ತುವ ಮುನ್ನ ಎಂಸಿಡಿಯು ಕಲಿಯುವ ಬಗೆ

ಬೋಯಿಂಗ್ 737 ಹಾರಿಸಿ ಪಳಗಿದವರು ಎ320 ಟೈಪ್ ರೇಟಿಂಗ್‌ಗೆ (ಆ ಮಾದರಿ ಹಾರಿಸುವ ಅರ್ಹತೆಗೆ) ಬಂದಾಗ ತಡವರಿಸುವುದು ಸೈಡ್‌ಸ್ಟಿಕ್ ಹಿಡಿದಾಗಲ್ಲ. ಅದು ಕೆಲವೇ ಸೆಷನ್‌ಗಳಲ್ಲಿ ಕೈಗೆ ಒಗ್ಗುತ್ತದೆ. ತೊಡಕು ಇರುವುದು ಇಬ್ಬರು ಪೈಲಟ್‌ಗಳ ನಡುವಿನ ಪೆಡೆಸ್ಟಲ್ ಮೇಲಿನ ಎಂಸಿಡಿಯುನಲ್ಲಿ, ಅಂದರೆ ಹಾರಾಟದ ಕಂಪ್ಯೂಟರ್‌ಗೆ ಮಾಹಿತಿ ತುಂಬುವ ಪರದೆ-ಕೀಬೋರ್ಡ್‌ನಲ್ಲಿ. ಎರಡೂ ವಿಮಾನಗಳಲ್ಲಿ ಪರದೆಯ ಎಡಕ್ಕೆ ಆರು, ಬಲಕ್ಕೆ ಆರು ಲೈನ್ ಸೆಲೆಕ್ಟ್ ಕೀಗಳು, ಕೆಳಸಾಲಿನಲ್ಲಿ ಟೈಪ್ ಮಾಡಿದ್ದು ಮೊದಲು ಬಂದು ಕೂರುವ ಸ್ಕ್ರ್ಯಾಚ್‌ಪ್ಯಾಡ್, ಎಯಿಂದ ಝಡ್‌ವರೆಗೆ ವರ್ಣಮಾಲೆಯ ಕ್ರಮದಲ್ಲೇ ಅಕ್ಷರಗಳು. ನೋಡಲು ಒಂದೇ ಥರ ಇರುವುದೇ ಎಡವಟ್ಟಿಗೆ ಕಾರಣ. ಬೆರಳು ಹಳೆಯ ರೂಢಿಯಂತೆ ಓಡುತ್ತದೆ, ಈ ಬಾಕ್ಸ್ (ಎಂಸಿಡಿಯು) ಬೇರೇನನ್ನೋ ಮಾಡಿರುತ್ತದೆ.

ಫುಲ್ ಫ್ಲೈಟ್ ಸಿಮ್ಯುಲೇಟರಿನ ಒಂದು ಸ್ಲಾಟ್ ಸಾಮಾನ್ಯವಾಗಿ ನಾಲ್ಕು ಗಂಟೆ. ಇಬ್ಬರು ಹಂಚಿಕೊಂಡರೆ ಪೈಲಟ್ ಫ್ಲೈಯಿಂಗ್ ಆಗಿ ನಿಮಗೆ ಸಿಗುವುದು ಎರಡು. ಅದರಲ್ಲಿ ಕಾಲು ಭಾಗ ಪುಟ ಹುಡುಕುವುದರಲ್ಲೇ ಕಳೆದರೆ ಎಂಜಿನ್ ಫೇಲ್ಯೂರ್, ಗೋ-ಅರೌಂಡ್‌ಗಳಿಗೆ (ಇಳಿಯದೆ ಮತ್ತೆ ಮೇಲೇರುವುದಕ್ಕೆ) ಉಳಿಯುವುದು ಅವಸರ ಮಾತ್ರ. ಆದ್ದರಿಂದ ಎಂಸಿಡಿಯುವನ್ನು ಸಿಮ್‌ನ ಹೊರಗೇ ಕಲಿತು ಮುಗಿಸಬೇಕು.

ಕಲಿಯಲು ದುಬಾರಿ ಸಾಮಾನು ಬೇಡ. ಎಂಸಿಡಿಯು ಮತ್ತು ಎಫ್‌ಸಿಯು (ಆಟೋಪೈಲಟ್‌ಗೆ ವೇಗ, ದಿಕ್ಕು, ಎತ್ತರ ಕೊಡುವ ಗುಂಡಿಗಳ ಫಲಕ) ಚಿತ್ರಗಳನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ, ಪ್ರತಿ ಕೀಯನ್ನೂ ಬೆರಳಿಟ್ಟು, ಬಾಯಲ್ಲಿ ಹೇಳುತ್ತ ಒತ್ತಿ. ಹೋಮ್ ಸಿಮ್ಯುಲೇಟರ್ ಇದ್ದವರಿಗೆ ಫ್ಲೈಬೈವೈರ್‌ನವರ ಎ32ಎನ್‌ಎಕ್ಸ್ ಉಚಿತವಾಗಿ ಸಿಗುತ್ತದೆ. ಪುಟಗಳ ಜಾಡು ಹಿಡಿಯಲು ಧಾರಾಳ ಸಾಕು. ಆದರೆ ಒಂದು ಎಚ್ಚರಿಕೆ. ಎ320ಗೆ ಹನಿವೆಲ್ ಮತ್ತು ಥೇಲ್ಸ್ ಇಬ್ಬರೂ ಈ ಕಂಪ್ಯೂಟರ್ ಮಾಡುತ್ತಾರೆ, ಜೊತೆಗೆ ಸಾಫ್ಟ್‌ವೇರ್ ತಲೆಮಾರುಗಳೂ ಬೇರೆ ಬೇರೆ. ಯಾವ ಪ್ರಾಂಪ್ಟ್ ಯಾವ ಸಾಲಿನಲ್ಲಿ ಬರುತ್ತದೆ ಎಂಬುದಕ್ಕೆ ನಿಮ್ಮ ಕಂಪನಿಯ ಎಫ್‌ಕಾಮ್ (ಪೈಲಟ್‌ಗಳ ಕೈಪಿಡಿ) ಒಂದೇ ಪ್ರಮಾಣ, ಯೂಟ್ಯೂಬ್ ವಿಡಿಯೋ ಅಲ್ಲ.

ಮೊದಲು ಬಣ್ಣ, ಆಮೇಲೆ ಕೀ

ಏರ್‌ಬಸ್ ಪರದೆ ಬಣ್ಣದಲ್ಲಿ ಮಾತಾಡುತ್ತದೆ. ಅಂಬರ್ ಬಣ್ಣದ ಖಾಲಿ ಚೌಕಗಳಿದ್ದರೆ ಅಲ್ಲಿ ತುಂಬಲೇಬೇಕು. ನೀಲಿ ಆವರಣ ಚಿಹ್ನೆಗಳಿದ್ದರೆ ತುಂಬಿದರೂ ಸರಿ, ಬಿಟ್ಟರೂ ಸರಿ. ನೀಲಿ ಅಂಕಿಯನ್ನು ನೀವು ಬದಲಿಸಬಹುದು, ಹಸಿರನ್ನು ಬದಲಿಸಲಾಗದು. ಮಜೆಂಟಾ ಎಂದರೆ ವೇಗ ಅಥವಾ ಎತ್ತರದ ಕನ್‌ಸ್ಟ್ರೇಂಟ್, ಅಂದರೆ ಆ ಪಾಯಿಂಟ್‌ನಲ್ಲಿ ಪಾಲಿಸಬೇಕಾದ ಮಿತಿ. ಹಳದಿ ಎಂದರೆ ತಾತ್ಕಾಲಿಕ ಫ್ಲೈಟ್ ಪ್ಲಾನ್, ಇನ್ನೂ ಜಾರಿಗೆ ಬಂದಿಲ್ಲ. ಅಕ್ಷರದ ಗಾತ್ರಕ್ಕೂ ಅರ್ಥವಿದೆ: ಸಣ್ಣ ಅಕ್ಷರದ್ದು ಕಂಪ್ಯೂಟರ್ ತಾನೇ ಹಾಕಿಕೊಂಡದ್ದು, ದೊಡ್ಡದು ಪೈಲಟ್ ಹಾಕಿದ್ದು. ಫ್ಲೈಟ್ ಪ್ಲಾನ್ ಪುಟದಲ್ಲಿ ಕನ್‌ಸ್ಟ್ರೇಂಟ್ ಪಕ್ಕ ಮಜೆಂಟಾ ನಕ್ಷತ್ರ ಕಂಡರೆ ವಿಮಾನ ಅದನ್ನು ಪಾಲಿಸುತ್ತದೆಂದು ಲೆಕ್ಕ. ಅಂಬರ್ ನಕ್ಷತ್ರ ಕಂಡರೆ ತಪ್ಪುತ್ತದೆಂದು ಅರ್ಥ. ಇಳಿಯುವಾಗ ಈ ನಕ್ಷತ್ರವನ್ನು ಗಮನಿಸದವರೇ ಹೆಚ್ಚು.

737ರವರು ಮೊದಲ ದಿನವೇ ಸಿಕ್ಕಿಬೀಳುವುದು ಓರೆಗೆರೆಯಲ್ಲಿ. ಬೋಯಿಂಗ್ ಲೆಗ್ಸ್ (ಹಾದಿಯ ಪಾಯಿಂಟ್‌ಗಳ) ಪುಟದಲ್ಲಿ ವೇಗ ಮಾತ್ರ ಹಾಕಬೇಕಾದರೆ 250ರ ನಂತರ ಓರೆಗೆರೆ ಬೇಕು, ಎತ್ತರಕ್ಕೆ ಬೇಕಿಲ್ಲ. ಏರ್‌ಬಸ್‌ನಲ್ಲಿ ತಿರುಗಾಮುರುಗಾ. ಜೋಡಿ ಅಂಕಿಗಳಲ್ಲಿ ಮೊದಲನೆಯದನ್ನು ಹಾಗೇ ಟೈಪ್ ಮಾಡಬಹುದು, ಎರಡನೆಯದು ಮಾತ್ರ ಬೇಕಿದ್ದರೆ ಅದಕ್ಕೆ ಮೊದಲು ಓರೆಗೆರೆ ಇರಲೇಬೇಕು. ತಪ್ಪಿದರೆ ಸ್ಕ್ರ್ಯಾಚ್‌ಪ್ಯಾಡ್‌ನಲ್ಲಿ 'ಫಾರ್ಮ್ಯಾಟ್ ಎರರ್' ಅಥವಾ 'ಎಂಟ್ರಿ ಔಟ್ ಆಫ್ ರೇಂಜ್' ಬರುತ್ತದೆ. ಸಂದೇಶ ಬಂದಾಗ ಅದನ್ನೇ ಮತ್ತೆ ಮತ್ತೆ ಒತ್ತಬೇಡಿ. ಕ್ಲಿಯರ್ ಮಾಡಿ, ಸಂದೇಶ ಏನು ಹೇಳಿತೆಂದು ನೋಡಿ, ಆಮೇಲೆ ಟೈಪ್ ಮಾಡಿ.

ಇನ್ನೊಂದು ದೊಡ್ಡ ವ್ಯತ್ಯಾಸ ಎಕ್ಸೆಕ್ ಕೀ. 737ರಲ್ಲಿ ಬದಲಾವಣೆ ಮಾಡಿದರೆ ಎಕ್ಸೆಕ್ ದೀಪ ಹೊತ್ತಿ, ಒತ್ತುವವರೆಗೂ ಕಾಯುತ್ತದೆ. ಏರ್‌ಬಸ್‌ನಲ್ಲಿ ಆ ಕೀಯೇ ಇಲ್ಲ. ಫ್ಲೈಟ್ ಪ್ಲಾನ್ ಬದಲಾದರೆ ಹಳದಿ ಪುಟದ ಕೆಳಗೆ 'ಇರೇಸ್', 'ಇನ್ಸರ್ಟ್' ಎರಡೂ ಬರುತ್ತವೆ. ಆದರೆ ವೇಗ, ಎತ್ತರ, ತೂಕದಂಥ ಅಂಕಿಗಳು ಲೈನ್ ಕೀ ಒತ್ತಿದ ಕ್ಷಣವೇ ಜಾರಿ. ಹಾಗಾಗಿ ಸ್ಕ್ರ್ಯಾಚ್‌ಪ್ಯಾಡ್‌ನಲ್ಲಿ ಇರುವಾಗಲೇ ಓದಿ ನೋಡಿ, ಆಮೇಲೆ ಮೇಲಕ್ಕೆ ಕಳಿಸಿ.

ತುಂಬುವ ಕ್ರಮ

737ರ ಬಾಕ್ಸ್ ಕೈಹಿಡಿದು ನಡೆಸುತ್ತದೆ: ಪ್ರತಿ ಪುಟದ ಬಲಗಡೆ ಕೊನೆಯ ಸಾಲಿನಲ್ಲಿ ಮುಂದಿನ ಪುಟದ ಹೆಸರಿರುತ್ತದೆ. ಏರ್‌ಬಸ್ ಹಾಗೆ ನಡೆಸುವುದಿಲ್ಲ, ಕ್ರಮ ನಿಮ್ಮ ತಲೆಯಲ್ಲಿರಬೇಕು. ಪೈಲಟ್‌ಗಳು ಇದನ್ನು 'ಡಿಫ್‌ಸ್ರಿಪ್' ಎಂದು ನೆನಪಿಟ್ಟುಕೊಳ್ಳುತ್ತಾರೆ: ಡೇಟಾ, ಇನಿಟ್ ಎ, ಫ್ಲೈಟ್ ಪ್ಲಾನ್, ಸೆಕೆಂಡರಿ, ರ್‍ಯಾಡ್‌ನ್ಯಾವ್, ಇನಿಟ್ ಬಿ, ಪರ್ಫ್ (ಟೇಕಾಫ್, ಅಪ್ರೋಚ್‌ನ ವೇಗ ಮುಂತಾದ ಅಂಕಿಗಳ ಪುಟ). ಅಭ್ಯಾಸಕ್ಕೆ ಬೆಂಗಳೂರು–ಮಂಗಳೂರು ಒಳ್ಳೆಯ ಸೆಕ್ಟರ್. ಆಕಾಶಮಾರ್ಗದಲ್ಲಿ ಸುಮಾರು 300 ಕಿ.ಮೀ., ಯೋಚಿಸಲು ಹೊತ್ತೇ ಕೊಡುವುದಿಲ್ಲ.

ಡೇಟಾದಲ್ಲಿ ಏರ್‌ಕ್ರಾಫ್ಟ್ ಸ್ಟೇಟಸ್ ಪುಟ ತೆರೆದು ವಿಮಾನದ ಮಾದರಿ, ಎಂಜಿನ್, ಡೇಟಾಬೇಸ್ ದಿನಾಂಕ ನೋಡಿ. ಡೇಟಾಬೇಸ್ 28 ದಿನಕ್ಕೊಮ್ಮೆ ಬದಲಾಗುತ್ತದೆ. ಸಿಮ್‌ಗಳಲ್ಲಿ ಹಳೆಯ ಡೇಟಾಬೇಸ್ ಇರುವುದು ಅಪರೂಪವಲ್ಲ. ನಿಮ್ಮ ಕೈಯಲ್ಲಿರುವ ಚಾರ್ಟ್‌ನ ಪಾಯಿಂಟ್ ಬಾಕ್ಸ್‌ನಲ್ಲಿ ಸಿಗದೆ 'ನಾಟ್ ಇನ್ ಡೇಟಾಬೇಸ್' ಬಂದರೆ ಗಾಬರಿಯಾಗದೆ ಮೊದಲು ದಿನಾಂಕ ನೋಡಿ.

ಇನಿಟ್ ಎಯಲ್ಲಿ ಎರಡು ನಿಲ್ದಾಣಗಳ ಕೋಡ್, ಕಾಸ್ಟ್ ಇಂಡೆಕ್ಸ್ (ಸಮಯ ಮತ್ತು ಇಂಧನದ ಖರ್ಚಿನ ಅನುಪಾತ), ಕ್ರೂಸ್ ಲೆವೆಲ್. ಐಆರ್‌ಎಸ್ (ವಿಮಾನದ ಸ್ಥಾನವನ್ನು ತಾನೇ ಲೆಕ್ಕ ಹಾಕುವ ಸಾಧನ) ಅಲೈನ್ ಮಾಡುವ ಹಳೆಯ ವ್ಯವಸ್ಥೆಯಲ್ಲಿ ಸ್ಥಾನದ ಅಂಕಿಗಳನ್ನು ಒಬ್ಬರು ಓದಿ, ಇನ್ನೊಬ್ಬರು ಚಾರ್ಟ್ ನೋಡಬೇಕು. 2015ರ ಮಾರ್ಚ್‌ನಲ್ಲಿ ಸಿಡ್ನಿಯಿಂದ ಹೊರಟ ಏರ್‌ಏಷ್ಯಾ ಎಕ್ಸ್‌ನ ಎ330ರಲ್ಲಿ 15109.8 ಪೂರ್ವ ಎಂದು ಹಾಕಬೇಕಾದ ರೇಖಾಂಶ 01519.8 ಪೂರ್ವ ಎಂದಾಗಿತ್ತು. ಹಾರಿದ ಮೇಲೆ ನ್ಯಾವಿಗೇಷನ್ ಕೆಟ್ಟು, ಮಲೇಷ್ಯಾಕ್ಕೆ ಹೋಗಬೇಕಿದ್ದ ವಿಮಾನ ಮೆಲ್ಬರ್ನ್‌ನಲ್ಲಿ ಇಳಿಯಿತು.

ಫ್ಲೈಟ್ ಪ್ಲಾನ್‌ನಲ್ಲಿ ಮೊದಲು ರನ್‌ವೇ ಮತ್ತು ಸಿಡ್ (ನಿರ್ಗಮನದ ನಿಗದಿತ ಹಾದಿ), ಆಮೇಲೆ ಏರ್‌ವೇ, ಕೊನೆಗೆ ಸ್ಟಾರ್ (ಆಗಮನದ ನಿಗದಿತ ಹಾದಿ) ಮತ್ತು ಅಪ್ರೋಚ್. ಒಂದೇ ಹೆಸರಿನ ಪಾಯಿಂಟ್‌ಗಳು ಹಲವಿದ್ದರೆ 'ಡುಪ್ಲಿಕೇಟ್ ನೇಮ್ಸ್' ಪುಟ ತೆರೆಯುತ್ತದೆ. ಅಲ್ಲಿ ಮೊದಲನೆಯದನ್ನು ಒತ್ತುವ ಚಾಳಿ ಬೇಡ. ದೂರ ಓದಿ, ನಕ್ಷೆಗೆ ತಾಳೆ ನೋಡಿ. 1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ಬಳಿ ಅಮೆರಿಕನ್ ಏರ್‌ಲೈನ್ಸ್‌ನ 757ರಲ್ಲಿ ರೋಸೋ ಎಂಬ ಬೀಕನ್‌ಗೆಂದು 'ಆರ್' ಒತ್ತಿದಾಗ ಪಟ್ಟಿಯ ಮೇಲಿದ್ದದ್ದು ಬೊಗೊಟಾ ಬಳಿಯ ರೋಮಿಯೋ. ವಿಮಾನ ಅತ್ತ ತಿರುಗಿತು, ಕೊನೆಗೆ ಬೆಟ್ಟಕ್ಕೆ ಅಪ್ಪಳಿಸಿ 159 ಮಂದಿ ಸತ್ತರು.

ಇನಿಟ್ ಬಿ ಪುಟಕ್ಕೆ ಹೋಗುವುದು ಇನಿಟ್ ಎಯಲ್ಲಿ ಪಕ್ಕದ ಬಾಣದ ಕೀ ಒತ್ತಿ. ಇದನ್ನು ಹುಡುಕಲಾಗದೆ ಕೂರುವವರು ಬಹಳ. ಮೊದಲ ಎಂಜಿನ್ ಸ್ಟಾರ್ಟ್ ಆದ ಮೇಲೆ ಈ ಪುಟ ಸಿಗುವುದೇ ಇಲ್ಲ. ತೂಕ ಹಾಕುವುದು ಮರೆತು ಎಂಜಿನ್ ಸ್ಟಾರ್ಟ್ ಮಾಡಿದ್ದರೆ ಫ್ಯುಯೆಲ್ ಪ್ರೆಡ್ ಪುಟದಲ್ಲಿ ಹಾಕಬೇಕು. ಝೀರೋ ಫ್ಯುಯೆಲ್ ವೇಟ್ (ಇಂಧನವಿಲ್ಲದ ತೂಕ) 58.4 ಟನ್, ಬ್ಲಾಕ್ ಇಂಧನ 6.2, ಟ್ಯಾಕ್ಸಿಗೆ 0.2 ಎಂದುಕೊಳ್ಳಿ. ಟೇಕಾಫ್ ತೂಕ 64.4 ಬರಬೇಕು. ಲೋಡ್‌ಶೀಟ್‌ಗೆ ತಾಳೆಯಾದರೆ ಸಾಲದು, ಗ್ರೀನ್ ಡಾಟ್ ವೇಗಕ್ಕೂ (ಫ್ಲ್ಯಾಪ್ ಇಲ್ಲದೆ ಹಾರಲು ತೂಕಕ್ಕೆ ತಕ್ಕ ವೇಗ) ತಾಳೆ ನೋಡಿ. ಎ320ರಲ್ಲಿ 20,000 ಅಡಿಗಿಂತ ಕೆಳಗೆ ತೂಕದ ಎರಡರಷ್ಟಕ್ಕೆ 85 ಕೂಡಿಸಿದರೆ ಸರಿಸುಮಾರು ಗ್ರೀನ್ ಡಾಟ್ ಸಿಗುತ್ತದೆ. ಇಲ್ಲಿ 128.8ಕ್ಕೆ 85 ಕೂಡಿದರೆ 214 ನಾಟ್. 58.4ರ ಬದಲು 48.4 ಒತ್ತಿದ್ದರೆ ಪರ್ಫ್ ಪುಟ 194 ತೋರಿಸುತ್ತದೆ. 20 ನಾಟ್ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಒಂದು ಅಂಕಿಯ ವ್ಯತ್ಯಾಸ ಹೊಡೆಯುವುದಿಲ್ಲ. 2009ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್‌ನ ಎ340 ಬಾಲ ಉಜ್ಜಿಕೊಂಡು ಏಳಲು ಕಾರಣ, ಟೇಕಾಫ್ ಲೆಕ್ಕಕ್ಕೆ 362.9 ಟನ್ ಬದಲು 262.9 ಹಾಕಿದ್ದು.

ಪರ್ಫ್ ಟೇಕಾಫ್ ಪುಟದಲ್ಲಿ ವಿ ವೇಗಗಳು (ಟೇಕಾಫ್‌ನ ನಿರ್ಣಾಯಕ ವೇಗಗಳು), ಫ್ಲ್ಯಾಪ್, ಫ್ಲೆಕ್ಸ್ ತಾಪಮಾನ (ತಗ್ಗಿಸಿದ ಥ್ರಸ್ಟ್‌ನ ಟೇಕಾಫ್‌ಗೆ) ಹಾಕುವುದು ಸುಲಭ. ಥ್ರಸ್ಟ್ ರಿಡಕ್ಷನ್ (ಥ್ರಸ್ಟ್ ತಗ್ಗಿಸುವ) ಮತ್ತು ಆಕ್ಸಲರೇಷನ್ (ವೇಗ ಏರಿಸುವ) ಎತ್ತರ ನೋಡುವುದನ್ನು ಬಿಡಬೇಡಿ. ಅವು ಸಮುದ್ರಮಟ್ಟದಿಂದ ಲೆಕ್ಕ. ಬೆಂಗಳೂರು ಸುಮಾರು 3,000 ಅಡಿ ಮೇಲಿದೆ. ನೆಲದಿಂದ 1,500 ಅಡಿ ಎಂಬ ಕಂಪನಿ ನಿಯಮವಿದ್ದರೆ ಅಲ್ಲಿ 4,500ರ ಆಸುಪಾಸು ಇರಬೇಕು. ಯಾರೋ 1,500 ಎಂದು ಕೈಯಾರೆ ಬರೆದಿದ್ದರೆ ಆ ಎತ್ತರ ನೆಲದಡಿಯಲ್ಲಿದೆ! ಟ್ಯಾಕ್ಸಿ ಮಾಡುವಾಗ ರನ್‌ವೇ ಬದಲಾದರೆ 'ಚೆಕ್ ಟೇಕಾಫ್ ಡೇಟಾ' ಎಂಬ ಸಂದೇಶ ಬರುತ್ತದೆ. ಅದನ್ನು ಕ್ಲಿಯರ್ ಮಾಡುವುದೆಂದರೆ ಲೆಕ್ಕ ಮತ್ತೆ ಮಾಡಿದ್ದೀರಿ ಎಂದರ್ಥ, ಸುಮ್ಮನೆ ಅಳಿಸುವುದಲ್ಲ.

ಡಿಸ್ಕಂಟಿನ್ಯುಯಿಟಿ

ಸಿಡ್, ಏರ್‌ವೇ, ಸ್ಟಾರ್ ಜೋಡಿಸುವಾಗ ನಡುವೆ ಕೊಂಡಿ ತಪ್ಪಿದಲ್ಲಿ 'ಫ್ಲೈಟ್ ಪ್ಲಾನ್ ಡಿಸ್ಕಂಟಿನ್ಯುಯಿಟಿ' ಎಂಬ ಸಾಲು ನಿಲ್ಲುತ್ತದೆ. ಹಾದಿಯನ್ನು ತಾನೇ ಹಿಡಿದು ಸಾಗುವ ನ್ಯಾವ್ ಮೋಡ್‌ನಲ್ಲಿ ಅಲ್ಲಿಗೆ ತಲುಪಿದ ವಿಮಾನ ಹೆಡಿಂಗ್ ಮೋಡ್‌ಗೆ ಬಿದ್ದು ನೆಟ್ಟಗೆ ಹೋಗುತ್ತದೆ. 737ರಲ್ಲಿ ಕೆಳಗಿನ ಪಾಯಿಂಟನ್ನು ಎತ್ತಿ ಖಾಲಿ ಚೌಕದ ಮೇಲಿಟ್ಟು ಎಕ್ಸೆಕ್ ಒತ್ತುತ್ತಿದ್ದಿರಿ. ಇಲ್ಲಿ ಕ್ಲಿಯರ್ ಒತ್ತಿ, ಆ ಸಾಲಿನ ಎಡ ಕೀ ಒತ್ತಿದರೆ ಮುಗಿಯಿತು. ಇಷ್ಟು ಸುಲಭವಾದ್ದರಿಂದಲೇ ಕಂಡದ್ದನ್ನೆಲ್ಲ ಅಳಿಸುವ ರೋಗ ಅಂಟುತ್ತದೆ. 'ಮ್ಯಾನ್ಯುಯಲ್' ಲೆಗ್‌ನ ನಂತರ ಬರುವ ಡಿಸ್ಕಂಟಿನ್ಯುಯಿಟಿ ಬೇಕೆಂದೇ ಇರುವುದು. ಅಲ್ಲಿಂದ ಮುಂದೆ ನಿಯಂತ್ರಕರು ರಾಡಾರ್ ವೆಕ್ಟರ್ (ಹಿಡಿಯಬೇಕಾದ ದಿಕ್ಕು) ಕೊಡುತ್ತಾರೆ. ಅದನ್ನು ಅಳಿಸಿದರೆ ವಿಮಾನ ಯಾರೂ ಹೇಳದ ತಿರುವು ತೆಗೆದುಕೊಳ್ಳಬಹುದು. ಅಳಿಸುವ ಮುನ್ನ ಚಾರ್ಟ್ ನೋಡಿ.

ಎಲ್ಲ ತುಂಬಿದ ಮೇಲೆ ನ್ಯಾವಿಗೇಷನ್ ಡಿಸ್‌ಪ್ಲೇಯನ್ನು ಪ್ಲಾನ್ ಮೋಡ್‌ಗೆ ಹಾಕಿ, ಕನ್‌ಸ್ಟ್ರೇಂಟ್ ಬಟನ್ ಒತ್ತಿ, ಫ್ಲೈಟ್ ಪ್ಲಾನ್ ಪುಟವನ್ನು ಬಾಣದ ಕೀಯಿಂದ ಸರಿಸುತ್ತ ಹೋಗಿ. ಒಬ್ಬರು ಚಾರ್ಟ್‌ನಿಂದ ಟ್ರ್ಯಾಕ್ ಮತ್ತು ದೂರ ಓದಲಿ, ಇನ್ನೊಬ್ಬರು ಪರದೆ ನೋಡಲಿ. ಇಬ್ಬರೂ ಪರದೆಯನ್ನೇ ಓದಿದರೆ ಅದು ಚೆಕ್ ಅಲ್ಲ. ಕೊನೆಗೆ ಡೆಸ್ಟಿನೇಷನ್ ಸಾಲಿನ ಒಟ್ಟು ದೂರವನ್ನು ಕಂಪನಿ ಫ್ಲೈಟ್ ಪ್ಲಾನ್‌ಗೆ ಹೋಲಿಸಿ. ಕೆಲವು ಮೈಲಿ ವ್ಯತ್ಯಾಸವಿದ್ದರೆ ಪರವಾಗಿಲ್ಲ, ನೂರಿದ್ದರೆ ಎಲ್ಲೋ ತಪ್ಪು ಪಾಯಿಂಟ್ ಕೂತಿದೆ.

ಸಿಮ್‌ನಲ್ಲಿ ಕೆಡುವುದು

ಎಫ್‌ಸಿಯು ಗುಂಡಿಯನ್ನು ಒತ್ತಿದರೆ ಕೆಲಸ ಕಂಪ್ಯೂಟರ್‌ಗೆ, ಎಳೆದರೆ ನಿಮಗೆ. ಒತ್ತಿದ್ದೋ ಎಳೆದದ್ದೋ ಎಂಬುದನ್ನು ಕೈ ಹೇಳುವುದಿಲ್ಲ. ಪಿಎಫ್‌ಡಿ (ಪೈಲಟ್ ಎದುರಿನ ಮುಖ್ಯ ಪರದೆ) ಮೇಲ್ತುದಿಯ ಎಫ್‌ಎಂಎ (ಯಾವ ಮೋಡ್ ಎಂದು ತೋರಿಸುವ ಪಟ್ಟಿ) ಹೇಳುತ್ತದೆ. ಪ್ರತಿ ಬದಲಾವಣೆಯನ್ನೂ ಅಲ್ಲಿಂದ ಗಟ್ಟಿಯಾಗಿ ಓದಬೇಕು. 'ಕ್ಲೈಂಬ್' ಕನ್‌ಸ್ಟ್ರೇಂಟ್ ಪಾಲಿಸುತ್ತದೆ, 'ಓಪನ್ ಕ್ಲೈಂಬ್' ಪಾಲಿಸುವುದಿಲ್ಲ. ಥ್ರಸ್ಟ್ ಲಿವರ್‌ಗಳು 737ರಂತೆ ಸರಿದಾಡುವುದಿಲ್ಲ, ಹಾಗಾಗಿ ಕೈಗೆ ಸಿಗುತ್ತಿದ್ದ ಸುಳಿವೂ ಇಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಎ320 ಓಪನ್ ಡಿಸೆಂಟ್ ಮೋಡ್‌ನಲ್ಲಿ ಎಂಜಿನ್‌ಗಳು ಐಡಲ್‌ನಲ್ಲಿದ್ದಂತೆಯೇ ವೇಗ ಕಳೆದುಕೊಂಡು ರನ್‌ವೇಗಿಂತ ಮುಂಚೆಯೇ ನೆಲಕ್ಕೆ ಬಿತ್ತು. ಸತ್ತವರು 92 ಮಂದಿ. 1992ರ ಜನವರಿ 20ರಂದು ಸ್ಟ್ರಾಸ್‌ಬರ್ಗ್ ಬಳಿ ಬಿದ್ದ ಏರ್ ಇಂಟರ್‌ನ ಎ320, 3.3 ಡಿಗ್ರಿ ಕೋನದಲ್ಲಿ ಇಳಿಯಬೇಕಾದಲ್ಲಿ ನಿಮಿಷಕ್ಕೆ 3,300 ಅಡಿ ಇಳಿಯುತ್ತಿತ್ತು. ಎಫ್‌ಸಿಯು ಪರದೆಯಲ್ಲಿ ಒಂದಕ್ಕೆ 3.3, ಇನ್ನೊಂದಕ್ಕೆ 33; ನೋಡಲು ಹೆಚ್ಚುಕಡಿಮೆ ಒಂದೇ.

ಮಂಗಳೂರಿನ ಕಡೆಗೆ ಇಳಿಯುವಾಗ ಪರ್ಫ್ ಅಪ್ರೋಚ್ ಪುಟ ಮೊದಲೇ ತುಂಬಿರಬೇಕು: ಕ್ಯುಎನ್‌ಎಚ್ (ಆಲ್ಟಿಮೀಟರ್‌ಗೆ ಹಾಕುವ ಗಾಳಿಯ ಒತ್ತಡ), ತಾಪಮಾನ, ಗಾಳಿ, ಮಿನಿಮಾ (ರನ್‌ವೇ ಕಾಣದಿದ್ದರೆ ಇದಕ್ಕಿಂತ ಕೆಳಗಿಳಿಯಬಾರದ ಎತ್ತರ), ಫ್ಲ್ಯಾಪ್. ಗಾಳಿಯ ಜಾಗದಲ್ಲಿ ಎಟಿಸ್ (ನಿಲ್ದಾಣದ ಹವಾಮಾನ ಪ್ರಸಾರ) ಅಥವಾ ಟವರ್ ಹೇಳಿದ ಗಾಳಿಯನ್ನೇ ಹಾಕಿ, ಗಸ್ಟ್ ಸೇರಿಸಬೇಡಿ. ಅದನ್ನು ಗ್ರೌಂಡ್ ಸ್ಪೀಡ್ ಮಿನಿ (ಗಾಳಿಗೆ ತಕ್ಕಂತೆ ವೇಗದ ಗುರಿ ಹೊಂದಿಸುವ ವ್ಯವಸ್ಥೆ) ನೋಡಿಕೊಳ್ಳುತ್ತದೆ. ರನ್‌ವೇ 24 ಬೆಟ್ಟದ ನೆತ್ತಿಯಲ್ಲಿದೆ, ಉದ್ದ 2,450 ಮೀಟರ್. ಇಲ್ಲಿ ಹೆಚ್ಚುವರಿ ವೇಗವನ್ನು ಹೊತ್ತು ಬರುವಂತಿಲ್ಲ. ನ್ಯಾವ್ ಮೋಡ್‌ನಲ್ಲಿದ್ದರೆ ಡಿಸೆಲ್ (ವೇಗ ಇಳಿಸಲು ಶುರುಮಾಡುವ) ಪಾಯಿಂಟ್ ದಾಟುವಾಗ ಅಪ್ರೋಚ್ ಫೇಸ್ ತಾನಾಗಿ ಶುರುವಾಗುತ್ತದೆ. ರಾಡಾರ್ ವೆಕ್ಟರ್‌ನಲ್ಲಿ ಹೆಡಿಂಗ್ ಹಿಡಿದಿದ್ದರೆ ಆಗುವುದಿಲ್ಲ. ಪರ್ಫ್ ಪುಟದಲ್ಲಿ 'ಆಕ್ಟಿವೇಟ್ ಅಪ್ರೋಚ್' ಒತ್ತಿ, ಮತ್ತೊಮ್ಮೆ ಒತ್ತಿ ಖಚಿತಪಡಿಸಬೇಕು. ಮರೆತರೆ ವೇಗದ ಗುರಿ ಡಿಸೆಂಟ್‌ನ ವೇಗದಲ್ಲೇ ನಿಂತಿರುತ್ತದೆ, ಫ್ಲ್ಯಾಪ್ ಕೇಳುವ ಹೊತ್ತಿಗೆ ವಿಮಾನ ನಿಧಾನವಾಗಿರುವುದಿಲ್ಲ.

ಗೋ-ಅರೌಂಡ್‌ನಲ್ಲಿ ಲಿವರ್‌ಗಳನ್ನು ಟೋಗಾ (ಪೂರ್ಣ ಥ್ರಸ್ಟ್) ತುದಿಗೆ ಮುಟ್ಟಿಸಲೇಬೇಕು. ಅಷ್ಟು ಥ್ರಸ್ಟ್ ಬೇಡವಾದರೂ ಮುಟ್ಟಿಸಿ ಹಿಂದಕ್ಕೆ ತನ್ನಿ. ಇಲ್ಲವಾದರೆ ಗೋ-ಅರೌಂಡ್ ಫೇಸ್ ಶುರುವಾಗದೆ, ನಿಲ್ದಾಣದ ಮೇಲೆ ಹಾದಾಗ ಕಂಪ್ಯೂಟರ್ ಪ್ರಯಾಣ ಮುಗಿಯಿತೆಂದು ಫ್ಲೈಟ್ ಪ್ಲಾನನ್ನೇ ಅಳಿಸಿಬಿಡುತ್ತದೆ. ಎರಡನೇ ಅಪ್ರೋಚ್‌ಗೆ ಅಪ್ರೋಚ್ ಫೇಸನ್ನು ಮತ್ತೆ ಆಕ್ಟಿವೇಟ್ ಮಾಡಬೇಕು.

ಬಾಕ್ಸ್ ಏನು ಮಾಡುತ್ತಿದೆಯೆಂದು ತಿಳಿಯದಿದ್ದರೆ ತಲೆ ತಗ್ಗಿಸಿ ಟೈಪ್ ಮಾಡುತ್ತ ಕೂರಬೇಡಿ. ಹೆಡಿಂಗ್ ಗುಂಡಿ ಎಳೆಯಿರಿ, ವೇಗ ಎಳೆಯಿರಿ, ಎತ್ತರ ಹಿಡಿಯಿರಿ, ಪಕ್ಕದವರಿಗೆ ಹೇಳಿ. ಆಮೇಲೆ ಪೈಲಟ್ ಮಾನಿಟರಿಂಗ್ (ಹಾರಿಸದೆ ನಿಗಾ ಇಡುವವರು) ಟೈಪ್ ಮಾಡಲಿ. 10,000 ಅಡಿಗಿಂತ ಕೆಳಗೆ ಇಬ್ಬರ ತಲೆಯೂ ಒಟ್ಟಿಗೆ ಪೆಡೆಸ್ಟಲ್ ಕಡೆ ಬಾಗಬಾರದು.

ಸಿಮ್‌ಗೇ ಸೇರಿದ ಒಂದು ತೊಡಕು ರಿಪೊಸಿಷನ್. ಇನ್‌ಸ್ಟ್ರಕ್ಟರ್ ವಿಮಾನವನ್ನು ನಿಂತ ನಿಲುವಿನಲ್ಲೇ 10 ಮೈಲಿ ಫೈನಲ್‌ಗೆ ಒಯ್ದಿಟ್ಟಾಗ ಬಾಕ್ಸ್‌ಗೆ ಹಾದಿಯ ಕತೆ ಗೊತ್ತಿರುವುದಿಲ್ಲ. ಫ್ರೀಜ್ ಬಿಡಿಸಿ ಎನ್ನುವ ಮೊದಲು ಐದು ನೋಡಿ: ಮುಂದಿನ ಪಾಯಿಂಟ್ ಸರಿಯೇ, ಅಪ್ರೋಚ್ ಫೇಸ್ ಶುರುವಾಗಿದೆಯೇ, ಐಎಲ್‌ಎಸ್ (ಇಳಿಯಲು ದಾರಿ ತೋರುವ ರೇಡಿಯೋ ವ್ಯವಸ್ಥೆ) ಗುರುತು ಪಿಎಫ್‌ಡಿಯಲ್ಲಿದೆಯೇ, ಕ್ಯುಎನ್‌ಎಚ್ ಎರಡೂ ಕಡೆ ಒಂದೇ ಇದೆಯೇ, ಇಂಧನದ ತೂಕ ಹಾಗೇ ಉಳಿದಿದೆಯೇ. ಗ್ಲೈಡ್‌ಸ್ಲೋಪ್ ಹಿಡಿದ ಮೇಲೆ ಗೋ-ಅರೌಂಡ್ ಎತ್ತರವನ್ನು ಎಫ್‌ಸಿಯುನಲ್ಲಿ ಇಡುವುದೂ ರಿಪೊಸಿಷನ್ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಇನ್‌ಸ್ಟ್ರಕ್ಟರ್ ಕಾಯುತ್ತಾರೆ, ಅರ್ಧ ನಿಮಿಷ ಕೇಳಿ ತೆಗೆದುಕೊಳ್ಳಿ.